ಮೊಣಕೈಗೆ ಹಚ್ಚಿದ ಕಲಾಯಿ

ಸಿರಗುಂಡಿಯ ಅಡುಗೆಮನೆಗಳಲ್ಲಿ ಒಲೆ ಉರಿಯುವುದು ನಿಂತು ಮೂರು ವರ್ಷವಾಗಿತ್ತು. ಊರ ಮೇಲಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಅವುಗಳ ಕರೆಂಟು ಗುಡ್ಡದ ಬುಡದಲ್ಲಿದ್ದ ಅಲೆಮನೆಗೆ ಬರುತ್ತಿತ್ತು. ಅಲೆಮನೆಯ ಯಂತ್ರಗಳು ಅದನ್ನು ಮೈಕ್ರೋವೇವ್ ಅಲೆಗಳನ್ನಾಗಿ ಮಾಡಿ ತಾಮ್ರದ ಕೊಳವೆಗಳೊಳಗೆ ಬಿಡುತ್ತಿದ್ದವು. ನಲ್ಲಿಯಲ್ಲಿ ನೀರು ಬಂದ ಹಾಗೆ ಮನೆಮನೆಗೆ ಅಲೆ ಬರುತ್ತಿತ್ತು. ಗೋಡೆಗೆ ಕೂರಿಸಿದ ಪೆಟ್ಟಿಗೆಯಲ್ಲಿ ಅನ್ನ ಬೇಯುತ್ತಿತ್ತು, ಬೇಳೆ ಕುದಿಯುತ್ತಿತ್ತು. ಹೊಗೆ ಇಲ್ಲ, ಸಿಲಿಂಡರಿಗೆ ಕಾಯುವುದಿಲ್ಲ, ಕಟ್ಟಿಗೆ ಒಡೆಯುವುದಿಲ್ಲ. ಮೊದಲ ವರ್ಷ ಜನ ಬೆರಗಾದರು, ಎರಡನೆಯ ವರ್ಷ ಬಯ್ಯಲು ಕಲಿತರು, ಮೂರನೆಯ ವರ್ಷ ಮರೆತೇಬಿಟ್ಟರು. ಯಾವ ಅನುಕೂಲದ ಕಥೆಯಾದರೂ ಇಷ್ಟೇ.

ಮಾಳವ್ವ ಆ ಅಲೆಮನೆಯಲ್ಲಿ ಕೊಳವೆ ಪರೀಕ್ಷಕಿ. ಕುರುಬರ ಓಣಿಯಲ್ಲಿ ಹುಟ್ಟಿ, ಗದಗಿನಲ್ಲಿ ಡಿಪ್ಲೊಮಾ ಓದಿ, ಸೋದರತ್ತೆಯ ಮಗ ಅಮೋಗಿಯನ್ನು ಮದುವೆಯಾಗಿ ಅದೇ ಓಣಿಯಲ್ಲಿ ಉಳಿದವಳು. ಗಂಡ ಕುರಿ ಕಾಯುತ್ತಿದ್ದ, ಹೆಂಡತಿ ಕೊಳವೆ ಕಾಯುತ್ತಿದ್ದಳು. ಕೊಳವೆ ಎಂದರೆ ದುಂಡನೆಯದಲ್ಲ, ಚಪ್ಪಟೆ ಡಬ್ಬಿಯ ಹಾಗೆ ನಾಲ್ಕು ಮೂಲೆಯದು. ಒಂದು ಗೇಣಿಗೆ ಅರ್ಧಕ್ಕಿಂತ ಕಡಿಮೆ ಅಗಲ, ಆ ಅಗಲದ ಅರ್ಧದಷ್ಟು ಎತ್ತರ. ಒಳಗೆ ತಂತಿ ಇಲ್ಲ, ಏನೂ ಇಲ್ಲ, ಬರೀ ಪೊಳ್ಳು. ಅಲೆ ಒಂದು ಗೋಡೆಗೆ ಬಡಿದು ಇನ್ನೊಂದಕ್ಕೆ ಪುಟಿದು, ಹೀಗೆ ಪುಟಿಯುತ್ತಲೇ ಮುಂದೆ ಸಾಗುತ್ತದೆ. ಕೊಳವೆಯ ಅಗಲ ಅಲೆಯ ಉದ್ದದ ಅರ್ಧಕ್ಕಿಂತ ಕಡಿಮೆಯಾದರೆ ಮಾತ್ರ ಅಲೆ ಒಳಗೆ ಕಾಲಿಡುವುದೇ ಇಲ್ಲ. ಪೆಟ್ಟಿಗೆಯ ಬಾಗಿಲಿನ ಜಾಲರಿಯಲ್ಲಿ ಸಣ್ಣ ತೂತುಗಳಿದ್ದರೂ ಅಲೆ ಹೊರಗೆ ಬಂದು ನಮ್ಮನ್ನು ಬೇಯಿಸದಿರುವುದು ಇದೇ ಕಾರಣಕ್ಕೆ.

ಅದೇ ಕೊಳವೆಗೆ ಇನ್ನೊಂದು ಕೆಲಸವೂ ಇತ್ತು. ಗುಡ್ಡದ ನೆತ್ತಿಯಲ್ಲಿ ಒಂದು ರಾಡಾರ್ ಇತ್ತು. ಊರವರು ಅದನ್ನು ಕಣ್ಣು ಎನ್ನುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ಅಡುಗೆಯ ಅಲೆ ನಿಂತು, ಒಂದು ನಿಮಿಷ ರಾಡಾರಿನ ಅಲೆ ಅಲೆಮನೆಯಿಂದ ಹೊರಡುವ ಅದೇ ಹೆಗ್ಗೊಳವೆಯಲ್ಲಿ ಹಾದು, ಅದು ಊರಿಗೂ ಗುಡ್ಡಕ್ಕೂ ಕವಲೊಡೆಯುವಲ್ಲಿಂದ ಗುಡ್ಡ ಹತ್ತುತ್ತಿತ್ತು. ಆ ಒಂದು ನಿಮಿಷದಲ್ಲಿ ಕಣ್ಣು ಸುತ್ತಲಿನ ಎಂಬತ್ತು ಕಿಲೋಮೀಟರ್ ಆಕಾಶವನ್ನು ತಡಕುತ್ತಿತ್ತು. ಸಿಡಿಲು ಹೊತ್ತ ಮೋಡ ಕಂಡರೆ ಹುಲ್ಲುಗಾವಲಿನ ಕಂಬಗಳಲ್ಲಿದ್ದ ಕೊಂಬುಗಳು ಕೂಗುತ್ತಿದ್ದವು, ಕುರುಬರು ಕುರಿ ಹೊಡೆದುಕೊಂಡು ಕಲ್ಲಿನ ಆಸರೆಮನೆಗೆ ಸೇರುತ್ತಿದ್ದರು. ಆ ಬಯಲಿಗೆ ಫೋನು ಹತ್ತುವುದಿಲ್ಲ. ಕೊಂಬೇ ಗತಿ. ಊರ ಹೆಂಗಸರು ಆ ನಿಮಿಷಕ್ಕೆ ಕಣ್ಣಿನ ನಿಮಿಷ ಎಂದು ಹೆಸರಿಟ್ಟು, ಸಾರು ತಿರುವುವುದು, ಉಪ್ಪು ನೋಡುವುದು ಎಲ್ಲವನ್ನೂ ಅದರಲ್ಲೇ ಮಾಡಿ ಮುಗಿಸುತ್ತಿದ್ದರು.

ಆ ದಿನ ಬೆಳಿಗ್ಗೆ ಮಾಳವ್ವನ ಅತ್ತೆ ಲಗಮವ್ವ ಪೆಟ್ಟಿಗೆಯಲ್ಲಿ ರೊಟ್ಟಿ ಬೇಯಿಸುತ್ತಿದ್ದಳು. ಪೆಟ್ಟಿಗೆಯಲ್ಲಿ ಕಬ್ಬಿಣದ ಹಂಚು ಇಡುವಂತಿಲ್ಲವಲ್ಲ, ಅಲೆ ಕುಡಿದು ಕಾಯುವ ಕರಿಹಂಚು ಎಂಬುದೊಂದನ್ನು ಸರಕಾರ ಕೊಟ್ಟಿತ್ತು. ರೊಟ್ಟಿ ಅರ್ಧ ಬೆಂದಿತ್ತು, ಅಷ್ಟರಲ್ಲಿ ಪೆಟ್ಟಿಗೆಯ ಹಸಿರು ದೀಪ ಆರಿತು.

"ಆತು, ಬಂತು ಇದರ ಕಣ್ಣಿನ ನಿಮಿಷ," ಎಂದು ಲಗಮವ್ವ ಗೊಣಗಿದಳು. "ಸರಿಯಾಗಿ ನನ್ನ ರೊಟ್ಟಿ ಹೊತ್ತಿಗೇ ಇದಕ್ಕ ಆಕಾಶ ನೋಡೂದು ನೆಪ್ಪಾಗತೈತಿ."

"ಒಂದು ನಿಮಿಷ ತಡಿ ಅತ್ತಿ. ನಿನ್ನ ಮಗನ ಸಲುವಾಗೇ ನೋಡತೈತಿ ಅದು."

ಅಮೋಗಿ ಕಂಬಳಿ ಹೆಗಲಿಗೆ ಹಾಕಿಕೊಂಡು, ಬುತ್ತಿ ಗಂಟು ಕಟ್ಟಿಕೊಳ್ಳುತ್ತ ನಕ್ಕ. ಹಿಂದೆ ಅವನ ಅಪ್ಪ ಬೆಳಿಗ್ಗೆ ಹೊರಡುವ ಮುಂಚೆ ಅಂಗಳಕ್ಕೆ ಬಂದು, ಗಾಳಿ ಯಾವ ಕಡೆ, ಇರುವೆ ಮೊಟ್ಟೆ ಹೊತ್ತಿದೆಯೇ, ಕುರಿ ಯಾವ ಕಡೆ ಮುಖ ಮಾಡಿ ನಿಂತಿವೆ ಎಂದು ನೋಡುತ್ತಿದ್ದ. ಅಮೋಗಿ ನೋಡುವುದಿಲ್ಲ. ಕೊಂಬು ಕೂಗಿದರೆ ಸಿಡಿಲುಂಟು, ಕೂಗದಿದ್ದರೆ ಇಲ್ಲ. ಓಣಿಯ ಎಲ್ಲ ಗಂಡಸರದೂ ಅದೇ ಲೆಕ್ಕ.

ಲಗಮವ್ವ ಸಾರಿನ ಬೋಗುಣಿ ಮುಂದಿಟ್ಟಳು. "ರೊಟ್ಟಿ ಬಿಡು, ಅದಕ್ಕ ಬೆಂಕಿ ಮುಟ್ಟಿಲ್ಲ, ರುಚಿ ಎಲ್ಲಿಂದ ಬರಬೇಕು. ಆದ್ರ ಸಾರು ಉಣ್ಣು. ಹತ್ತ ಹನ್ನೆರಡು ದಿನದಿಂದ ಸಾರಿನ ರುಚಿ ಸುಧಾರಿಸೇತಿ ನೋಡು. ಮದ್ಲಿನ ಕಿಲುಬು ವಾಸ್ನಿ ಹೋಗೇತಿ."

"ಅದಕ್ಕ ಕಿಲುಬು ವಾಸ್ನಿ ಯಾವಾಗ ಇತ್ತು?"

"ಇತ್ತು. ಮೂರು ವರ್ಷದಿಂದ ಹೇಳಾಕತ್ತೀನಿ. ಆ ಕೊಳವಿಯೊಳಗ ಏನ್ ಬರತೈತಿ ಅಂತ ಕೇಳಿದ್ರ ಹೇಳಂಗಿಲ್ಲ ನೀ."

"ನಿನಗ ತಿಳಿಯಂಗಿಲ್ಲ ಬಿಡತ್ತಿ," ಎಂದು ಮಾಳವ್ವ ಚಪ್ಪಲಿ ಮೆಟ್ಟಿದಳು.

ಪೆಟ್ಟಿಗೆ ಬಂದ ಹೊಸದರಲ್ಲಿ ಇವಳೇ ಓಣಿ ಓಣಿ ತಿರುಗಿ, ಲೋಹದ ಪಾತ್ರೆ ಇಡಬೇಡಿ, ಬಾಗಿಲು ಸರಿಯಾಗಿ ಮುಚ್ಚಿ ಎಂದು ಇಡೀ ಊರಿಗೆ ಹೇಳಿಬಂದವಳು. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಲಗಮವ್ವ ಆಗಲೇ ಅಂದಿದ್ದಳು. ಅಂದದ್ದು ಸುಳ್ಳೇನಲ್ಲ.

ಅಲೆಮನೆಯಲ್ಲಿ ಹಿರಿಯ ಎಂಜಿನಿಯರ್ ಇಂಗಳಗಿಯವರು ಬೆಳಿಗ್ಗೆಯೇ ಹವಾಮಾನ ಕಚೇರಿಯ ಸಂದೇಶ ಓದಿ ಹೇಳಿದ್ದರು: ಅಡ್ಡಮಳೆಯ ಸಿಡಿಲುಮೋಡ ಏಳುವ ದಿನ, ಮಧ್ಯಾಹ್ನದ ಮೇಲೆ ಎಚ್ಚರವಿರಲಿ. ಎಚ್ಚರ ಎಂದರೆ ಕಣ್ಣು. ಅದನ್ನು ನೋಡಿಕೊಂಡರಾಯಿತು ಎಂದು ಎಲ್ಲರೂ ಅಂದುಕೊಂಡರು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಕಣ್ಣಿನ ನಿಮಿಷ ಶುರುವಾಯಿತು, ಮೂರನೆಯ ಸೆಕೆಂಡಿಗೇ ನಿಂತುಹೋಯಿತು. ಯಂತ್ರದ ಹಲಗೆಯ ಮೇಲೆ ಕೆಂಪು ದೀಪ. ಹೆಗ್ಗೊಳವೆಯೊಳಗೆ ಕಿಡಿ ಎದ್ದಿದೆ ಎಂದರ್ಥ. ಮತ್ತೆ ಹಚ್ಚಿದರು, ಮತ್ತೆ ಕಿಡಿ. ಅಡುಗೆಯ ಅಲೆಯನ್ನಷ್ಟೇ ಕಡಿಮೆ ಮಾಡಿ ಬಿಟ್ಟುನೋಡಿದರು, ಅದಕ್ಕೂ ಕಿಡಿ. ಐದನೆಯ ಸಲಕ್ಕೆ ಯಂತ್ರ ತಾನೇ ಬೀಗ ಹಾಕಿಕೊಂಡಿತು.

"ಇನ್ನೊಮ್ಮಿ ಹಚ್ಚೋದು ಬ್ಯಾಡ," ಎಂದರು ಇಂಗಳಗಿ. "ಕಿಡಿ ಇತ್ಲಾಗ ನಡಕೊಂಡು ಬರತೈತಿ."

ಕೊಳವೆಯ ಕಿಡಿಯ ಗುಣವೇ ಅದು. ಎಲ್ಲೋ ಒಂದು ಕಡೆ ಹುಟ್ಟಿ, ಅಲೆ ಹೋಗುವ ದಿಕ್ಕಿಗೆ ಹೋಗದೆ, ಅಲೆ ಬರುವ ದಿಕ್ಕಿಗೇ ತಿರುಗಿ ನಡೆಯುತ್ತದೆ. ತನಗೆ ಊಟ ಎಲ್ಲಿಂದ ಬರುತ್ತದೋ ಅತ್ತ. ಯಂತ್ರದ ಬಾಯಿಗೆ ಮುಟ್ಟಿತೆಂದರೆ ಅಲ್ಲಿಗೆ ಮುಗಿಯಿತು, ಹೊಸ ಯಂತ್ರ ಬರಲು ಆರು ತಿಂಗಳು. ಅದಕ್ಕೇ ಕೊಳವೆಯ ಉದ್ದಕ್ಕೂ ಬೆಳಕು ಹಿಡಿಯುವ ಪುಟ್ಟ ಕಣ್ಣುಗಳನ್ನು ಕೂರಿಸಿದ್ದರು. ಮಾಳವ್ವ ಅವುಗಳ ದಾಖಲೆ ತೆಗೆದು ನೋಡಿದಳು. ಮೊದಲು ಬೆಳಕು ಕಂಡದ್ದು ರಸ್ತೆಯ ಬದಿಯ ಮೊಣಕೈಯಲ್ಲಿ.

ಹೆಗ್ಗೊಳವೆ ಅಲೆಮನೆಯಿಂದ ಹೊರಟು ರಸ್ತೆಯ ಅಂಚಿನಲ್ಲಿ ಮೊಣಕೈಯಂತೆ ಬಾಗಿ ಕವಲಿನ ಕಡೆ ಹೋಗುತ್ತದೆ. ಎರಡು ವಾರದ ಹಿಂದೆ ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿ ತಿರುಗುವಾಗ ಬಾಲ ಬಡಿದು ಆ ಮೊಣಕೈ ನೆಗ್ಗಿತ್ತು. ಹೊಸದಕ್ಕೆ ಎರಡು ತಿಂಗಳು ಕಾಯಬೇಕೆಂದು ಕಾರ್ಖಾನೆಯವರು ಬರೆದಾಗ, "ನಮ್ಮ ದಾವಲಸಾಬ ಚಾಚಾ ಅದಾರ್ರಿ ಸರ, ತಾಮ್ರ ಅವರ ಕೈಯಾಗ ಹಿಟ್ಟಿನಂಗ ಕೇಳತೈತಿ," ಎಂದು ಹೇಳಿ ಕೆಲಸ ಕೊಡಿಸಿದವಳು ಇವಳೇ.

ದಾವಲಸಾಬರು ನಲವತ್ತು ವರ್ಷ ಸಿರಗುಂಡಿಯ ಪಾತ್ರೆಗಳಿಗೆ ಕಲಾಯಿ ಹಾಕಿದವರು. ತಾಮ್ರ ಹಿತ್ತಾಳೆಯ ಪಾತ್ರೆಗೆ ಹುಳಿ ಮುಟ್ಟಿದರೆ ಕಿಲುಬು ಏಳುತ್ತದೆ, ಕಿಲುಬು ಹೊಟ್ಟೆಗೆ ವಿಷ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಪೆಟ್ಟಿಗೆ ಬಂದಮೇಲೆ ಊರಿನ ತಾಮ್ರ ಹಿತ್ತಾಳೆಯೆಲ್ಲ ಅಟ್ಟ ಸೇರಿತು, ಚಾಚಾನ ಕುಲುಮೆ ಬೂದಿ ಹೊದ್ದು ಕೂತಿತು. ಅಂಥವರು ಮೊಣಕೈಯ ನೆಗ್ಗನ್ನು ಎರಡೇ ದಿನದಲ್ಲಿ ತಿದ್ದಿ, ಎರಡೂ ಬಾಯಿಗೆ ಶುಭ್ರ ಬಟ್ಟೆ ಕಟ್ಟಿ ತಂದುಕೊಟ್ಟಿದ್ದರು. ಕೂಲಿಯವರು ಬಟ್ಟೆ ಬಿಚ್ಚಿ ಕೂರಿಸಿದರು. ಮಾಳವ್ವ ಒಳಗೆ ಅಳತೆಯ ಯಂತ್ರದ ಮುಂದೆ ಕೂತಿದ್ದಳು. ಅಳತೆ ಸರಿ ಬಂತು. ಹೋಗಿ ಇಣುಕಿ ನೋಡಬೇಕಿತ್ತು. ನೋಡಲಿಲ್ಲ.

"ಸರ, ಕೊಂಬು ನಾವ ಊದಿಬಿಟ್ರ?" ಎಂದು ಕೇಳಿದಳು.

ಇಂಗಳಗಿ ತಲೆಯಾಡಿಸಿದರು. "ಕಣ್ಣು ಕೂಡಿಸೂಕಿಂತ ಮದ್ಲ ಊಹೆ ಮ್ಯಾಲ ಮೂರು ಸಲ ಊದಿದ್ವಿ, ನೆಪ್ಪೈತಿಲ್ಲ? ಮೂರೂ ಸುಳ್ಳಾದುವು. ನಾಕನೇದ್ದು ಖರೇ ಇತ್ತು, ಒಬ್ರೂ ಕದಲ್ಲಿಲ್ಲ. ಇಬ್ರು ಸತ್ರು. ಮೋಡ ಗುಡ್ಡದ ಮ್ಯಾಲ ನಮ್ಮ ಬರಿಗಣ್ಣಿಗೆ ಕಂಡಿದ್ದ ಊದತೀನಿ. ಅದರಕಿಂತ ಮದ್ಲ ಇಲ್ಲ."

"ಗುಡ್ಡದ ಮ್ಯಾಲ ಕಂಡಮ್ಯಾಲ ಹದಿನೈದು ನಿಮಿಷ ಸಿಗಂಗಿಲ್ರೀ. ಆಸರೆಮನಿಗೆ ಅರ್ಧ ತಾಸಿನ ಹಾದಿ."

"ಗೊತ್ತೈತಿ ಮಾಳವ್ವ."

ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಯಲಿನಲ್ಲಿದ್ದ ಅಮೋಗಿಗೆ ಮಾತ್ರ ಗೊತ್ತಿರಲಿಲ್ಲ. ಅಲ್ಲಿ ಕೊಂಬು ಸುಮ್ಮನಿತ್ತು, ಸುಮ್ಮನಿದ್ದ ಕೊಂಬು ಎಂದರೆ ಅವನಿಗೆ ನಿರಾಳ. ಮಾಳವ್ವ ಪಾನಾ ಎತ್ತಿಕೊಂಡು ಮೊಣಕೈಯ ಕಡೆ ನಡೆದಳು.

ಮೊಣಕೈ ಬಿಚ್ಚಿ ಕೆಳಗಿಳಿಸಿದಾಗ ಒಂದೂಕಾಲು. ಟಾರ್ಚ್ ಹಿಡಿದು ಒಳಗೆ ನೋಡಿದಳು. ಕೆಂಪು ತಾಮ್ರ ಕಾಣಬೇಕಿದ್ದಲ್ಲಿ ಬೆಳ್ಳಗೆ ಹೊಳೆಯಿತು. ಹೊಳಪಿನ ನಡುನಡುವೆ ಬೊಬ್ಬೆ, ಬಾಗಿದ ಕಡೆ ತವರ ಕರಗಿ ಹನಿಯಾಗಿ ಹೆಪ್ಪುಗಟ್ಟಿ ನಿಂತಿತ್ತು, ಸಂದಿನಲ್ಲಿ ನವಸಾಗರದ ಬಿಳಿ ಹುಡಿ ಹಸಿಯಾಗಿ ಹಸಿರುಗಟ್ಟಿತ್ತು. ಹನಿಯ ತುದಿಯಿಂದ ಎದುರು ಗೋಡೆಗೆ ಕಿಡಿ ಹಾರಿದ ಕರಿ ಕಲೆ. ಕಲಾಯಿ! ಹೆಗ್ಗೊಳವೆಯ ಮೊಣಕೈಗೆ, ಸಾರಿನ ಪಾತ್ರೆಗೆ ಹಾಕಿದ ಹಾಗೆ, ಅಚ್ಚುಕಟ್ಟಾಗಿ ಕಲಾಯಿ ಹಾಕಿದ್ದರು.

ಅವಳು ಮೊಣಕೈಯನ್ನು ಗಾಡಿಗೆ ಹಾಕಿಕೊಂಡು ನೇರ ದಾವಲಸಾಬರ ಅಂಗಡಿಗೆ ಹೋದಳು. ಹೋಗಿ ನೋಡಿದರೆ ಅಲ್ಲಿ ಜಾತ್ರೆ. ಊರಿನ ಪೆಟ್ಟಿಗೆಯೆಲ್ಲ ತಣ್ಣಗಾದಮೇಲೆ ಇದ್ದಿಲ ಕೆಂಡ ಸಿಗುವ ಜಾಗ ಇಡೀ ಸಿರಗುಂಡಿಯಲ್ಲಿ ಅದೊಂದೇ. ಓಣಿಯ ಹೆಂಗಸರು ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿಕೊಂಡು ಬಂದು ಸಾಲಾಗಿ ಕೂತಿದ್ದರು. ಮೂರು ವರ್ಷದಲ್ಲಿ ಮೊದಲ ಬಾರಿ ಊರಿನ ಪಾತ್ರೆಗಳಿಗಾಗಿ ಕುಲುಮೆ ಕೆಂಪಗಿತ್ತು, ತಿದಿ ಒತ್ತುತ್ತಿದ್ದ ಚಾಚಾನ ಮುಖವೂ ಅಷ್ಟೇ ಕೆಂಪಗೆ ಅರಳಿತ್ತು. ಕುಲುಮೆಯ ಮೇಲೆ ಕುದಿಯುತ್ತಿದ್ದದ್ದು ಲಗಮವ್ವನ ಬೇಳೆಸಾರು.

"ಬಾ ಮಗಳ, ಬಾ," ಎಂದ ದಾವಲಸಾಬರು ಗಾಡಿಯಲ್ಲಿದ್ದ ಮೊಣಕೈ ನೋಡಿ ತಿದಿಯಿಂದ ಕೈ ತೆಗೆದರು.

"ಚಾಚಾ, ಇದರೊಳಗ ಕಲಾಯಿ ಯಾಕ ಹಾಕಿದ್ರಿ?"

ಚಾಚಾ ನೆಲ ನೋಡಿದರು. ಉತ್ತರ ಬಂದದ್ದು ಪಕ್ಕದಿಂದ.

"ನಾ ಹೇಳಿದ್ದೆ," ಎಂದಳು ಲಗಮವ್ವ, ಹೆಮ್ಮೆಯಿಂದಲೇ. "ನಾವೆಲ್ಲಾ ಕೂಡಿ ಹೇಳಿದ್ವಿ. ಇಡೀ ಊರಿನ ಅಡಗಿ ಬರೇ ತಾಮ್ರದ ಕೊಳವ್ಯಾಗ ಹಾದು ಬರತೈತಿ, ಕಿಲುಬು ಹೊಟ್ಟಿಗೆ ಹೋಗಂಗಿಲ್ಲೇನ? ಇಡೀ ಕೊಳವಿ ಮಾಡಾಕ ಆಗಂಗಿಲ್ಲ, ಈ ಒಂದು ತುಂಡರ ಮಾಡಿ ಕೊಡ್ರಿ ಅಂದ್ವಿ. ಮನಿಮನಿಯಾಗ ಇದ್ದ ತವರ ಆರಿಸಿ ತಂದ್ಕೊಟ್ವಿ. ದಾವಲಣ್ಣ ಒಂದು ಪೈಸೆ ಮುಟ್ಟಲಿಲ್ಲ. ಅವತ್ತಿಂದನ ಸಾರಿಗೆ ರುಚಿ ಬಂದದ್ದು. ಏನ್ ತಪ್ಪು ಮಾಡೇವಿ?"

ಸುತ್ತಲಿನ ಹೆಂಗಸರು ಹೌದು ಹೌದು ಎಂದು ತಲೆದೂಗಿದರು.

ಮಾಳವ್ವನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಮತ್ತದೇ ಮಾತು, ನಿನಗ ತಿಳಿಯಂಗಿಲ್ಲ ಬಿಡತ್ತಿ. ಆದರೆ ಈ ಮಾತೇ ತವರವಾಗಿ ಕರಗಿ ಕೊಳವೆಯೊಳಗೆ ಹೆಪ್ಪುಗಟ್ಟಿದೆ ಎಂದು ಹೊಳೆದು ನಾಲಿಗೆ ಕಚ್ಚಿಕೊಂಡಳು.

"ಕಣ್ಣು ಕುರುಡಾಗೇತಿ ಅತ್ತಿ," ಎಂದಳು. "ಅಡ್ಡಮಳಿ ಬರೂ ದಿನಾ ಇದು. ಈ ತುಂಡು ಸರಿಯಾಗೂತನಾ ಕೊಂಬು ಕೂಗಂಗಿಲ್ಲ. ಕೊಂಬು ಕೂಗದಿದ್ರ ಅಮೋಗಿ ಬಯಲು ಬಿಡಂಗಿಲ್ಲ."

ಲಗಮವ್ವನ ಮುಖದ ಬಣ್ಣ ಇಳಿಯಿತು. ಅವಳು ಸೆರಗಿನಿಂದ ಹಿಡಿದು ಕುದಿಯುವ ಸಾರನ್ನು ಕುಲುಮೆಯಿಂದ ಇಳಿಸಿದಳು. ಅರ್ಧ ಸಾರು ನೆಲಕ್ಕೆ ಚೆಲ್ಲಿತು. "ದಾವಲಣ್ಣ, ಅದನ್ನ ಇಡು ಮದ್ಲ," ಎಂದಳು.

ಚಾಚಾ ಮೊಣಕೈ ಎತ್ತಿ ಒಳಗೆ ನೋಡಿದರು. ಬೊಬ್ಬೆ ನೋಡಿದರು, ಹನಿ ನೋಡಿದರು. ತಮ್ಮ ಕೈಕೆಲಸ ಹೀಗಾದದ್ದನ್ನು ಅವರು ಯಾವತ್ತೂ ನೋಡಿರಲಿಲ್ಲ. ಅವರ ಕಲಾಯಿ ವರ್ಷಗಟ್ಟಲೆ ಬಾಳುತ್ತಿತ್ತು.

"ಹನ್ನೆರಡು ದಿನಕ್ಕ ಹೆಂಗ ಹೋತು ಇದು? ಉರಿ ಇಲ್ಲ, ಹುಳಿ ಇಲ್ಲ, ಏನೂ ಮುಟ್ಟಿಲ್ಲ."

ವಿವರಿಸುವಷ್ಟು ಹೊತ್ತಿರಲಿಲ್ಲ. ಆದರೆ ಇವತ್ತು ವಿವರಿಸದೆ ಬಿಟ್ಟರೆ ನಾಳೆ ಇನ್ನೊಂದು ಕಲಾಯಿ. ಮಾಳವ್ವ ಅಂಗಡಿಯ ಮೂಲೆಯ ಒಂದು ಹಳೆಯ ಪಾತ್ರೆ ಎತ್ತಿಕೊಂಡಳು.

"ಚಾಚಾ, ಇದು ತಾಮ್ರದ ಪಾತ್ರಿ. ಒಳಗ ನಿಮ್ಮ ಕಲಾಯಿ ಐತಿ. ಇದರಾಗ ಅನ್ನ ಮಾಡಿದ್ರ ಅನ್ನ ಮುಟ್ಟೂದು ಯಾವುದನ್ನ?"

"ತವರಾನ."

"ತಾಮ್ರಾನ?"

"ಮುಟ್ಟಬಾರದಂತನ ಅಲ್ಲೇನ ಕಲಾಯಿ."

"ಹಂಗ ಅಲಿನೂ. ಅದು ಕೊಳವಿಯ ದಪ್ಪದಾಗ ಇಳಿಯಂಗಿಲ್ಲ, ಒಳಮೈಯ ತೊಗಲ ಮ್ಯಾಲಷ್ಟ ಓಡತೈತಿ. ಆ ತೊಗಲು ಕೂದಲದ ಐವತ್ತನೇ ಒಂದು ಭಾಗದಷ್ಟು ತೆಳು. ನೀವು ತವರ ಹಚ್ಚಿದ್ರಿ, ಅದಕ್ಕ ನಮ್ಮ ತಾಮ್ರ ಐತಿ ಅಂತ ಗೊತ್ತ ಆಗಲಿಲ್ಲ. ಇಡೀ ದಾರಿ ತಾಮ್ರದಾಗ ಬಂದದ್ದು ಇಲ್ಲಿ ತವರದಾಗ ಓಡ್ತು. ತವರ ಅದಕ್ಕ ಒರಟು ಹಾದಿ, ತಿಕ್ಕಿ ತಿಕ್ಕಿ ಕಾಯ್ತು. ಸಂದ್ಯಾಗಿನ ನವಸಾಗರ ಹಸಿ ಹಿಡೀತು, ತವರ ಬೊಬ್ಬಿ ಎದ್ದು ಕರಗಿ ಹನಿ ಆತು. ಕಣ್ಣಿನ ಅಲಿ ಬಡಿದಾಗ ಹನಿ ತುದಿಯಿಂದ ಕಿಡಿ ಹಾರ್ತು."

ದಾವಲಸಾಬರು ಪಾತ್ರೆಯನ್ನೂ ಮೊಣಕೈಯನ್ನೂ ಒಂದು ಸಲ ನೋಡಿದರು. ಡಿಪ್ಲೊಮಾ ಓದುವಾಗ ಮಾಳವ್ವನಿಗೆ ಇದು ತಲೆಗೆ ಹತ್ತಲು ಒಂದು ಇಡೀ ಸೆಮಿಸ್ಟರ್ ಹಿಡಿದಿತ್ತು. ಚಾಚಾನಿಗೆ ಅರ್ಧ ನಿಮಿಷ ಸಾಕಾಯಿತು.

"ಹಂಗಾರ ನಮಗ ತಾಮ್ರ ವಿಷ, ಅದಕ್ಕ ತವರ ವಿಷ," ಎಂದರು. "ಇಷ್ಟ ಮದ್ಲ ಹೇಳಿದ್ರ ನಾ ಯಾಕ ಹಚ್ಚತಿದ್ದೆ ಮಗಳ?"

ಮೊಣಕೈ ಕುಲುಮೆಯ ಮೇಲೇರಿತು. ತವರ ಕರಗುವ ಹದ ಅವರಿಗೆ ಮೂಗಿನಿಂದಲೇ ತಿಳಿಯುತ್ತಿತ್ತು. ಮೊಣಕೈ ಬಗ್ಗಿಸಿ ಬಡಿದರೆ ನೆಲಕ್ಕೆ ಬೆಳ್ಳನೆಯ ಹನಿಗಳು ಉದುರಿದವು. ಬಿದಿರ ಸೀಳಿಗೆ ಅರಳೆ ಸುತ್ತಿ ಒರೆಸಿದರು, ಮತ್ತೆ ಕಾಯಿಸಿ ಒರೆಸಿದರು. ಅಷ್ಟಕ್ಕೂ ತಾಮ್ರಕ್ಕೆ ಕಚ್ಚಿಕೊಂಡ ತವರ ಬಿಡಲಿಲ್ಲ. ನಯವಾದ ಮರಳು ಹಾಕಿ ಉಜ್ಜಬೇಕಾಯಿತು. ಹೆಂಗಸರು ಸುಮ್ಮನೆ ಕೂರಲಿಲ್ಲ. ಒಬ್ಬಳು ತಿದಿ ಒತ್ತಿದಳು, ಒಬ್ಬಳು ಮರಳು ಸೋಸಿದಳು. ಲಗಮವ್ವ ಮನೆಗೆ ಓಡಿಹೋಗಿ ಗಡಿಗೆಯಲ್ಲಿದ್ದ ಹುಣಸೆಹಣ್ಣನ್ನೆಲ್ಲ ತಂದು ಕಿವುಚಿದಳು. ಹುಳಿ, ಬೂದಿ, ನೀರು, ಮತ್ತೆ ಹುಳಿ. ಮಾಳವ್ವ ಸಣ್ಣ ಕನ್ನಡಿ ಒಳಗಿಟ್ಟು ಟಾರ್ಚ್ ಬಿಟ್ಟು, ಅಲ್ಲಿ ಇನ್ನೂ ಬೆಳ್ಳಗೈತಿ, ಇಲ್ಲಿ ಇನ್ನೂ ಬೆಳ್ಳಗೈತಿ ಎಂದು ತೋರಿಸುತ್ತಿದ್ದಳು. ಪಡುವಣದಲ್ಲಿ ಆಕಾಶ ಇನ್ನೂ ನೀಲಿಯಾಗೇ ಇತ್ತು. ಗುಡ್ಡದ ಆಚೆ ಏನಿದೆಯೋ ಯಾರಿಗೆ ಗೊತ್ತು.

ಮೂರೂವರೆಗೆ ಒಳಗೆಲ್ಲ ಕೆಂಪಾಯಿತು. ಬಿಸಿಗಾಳಿಯಲ್ಲಿ ಒಣಗಿಸಿ ದಾವಲಸಾಬರು ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ಮಾಳವ್ವ ಕೈ ಚಾಚಿದಳು. ಅವರು ಕೊಡಲಿಲ್ಲ.

"ನಮ್ಮಪ್ಪ ಸಾಯೂ ಮುಂದ ಒಂದ ಮಾತು ಹೇಳಿದ್ದ," ಎಂದರು. "ಬರೇ ತಾಮ್ರ ಯಾರ ಮನಿಗೂ ಕೊಡಬ್ಯಾಡ, ಉಂಡವರ ಪಾಪ ನಿನಗ ಸುತ್ತತೈತಿ ಅಂತ. ನಲವತ್ತು ವರ್ಷ ಕೊಟ್ಟಿಲ್ಲ."

"ಇದರೊಳಗ ಅನ್ನ ಹಾಯಂಗಿಲ್ಲ ಚಾಚಾ. ನನ್ನಾಣಿ."

ಅವರು ಅದನ್ನು ಅವಳ ಕೈಯಲ್ಲಿಟ್ಟರು. ಇಟ್ಟಮೇಲೆ ತಮ್ಮ ಬರಿಗೈಯನ್ನು ಪಂಚೆಗೆ ಒರೆಸಿಕೊಂಡರು, ಒರೆಸಲು ಅಲ್ಲಿ ಏನೂ ಇರಲಿಲ್ಲ.

ಮೊಣಕೈ ಕೂರಿಸಿ, ಒಣಗಾಳಿ ಊದಿಸಿ, ಮೊದಲು ಮೆಲ್ಲಗೆ ಅಲೆ ಬಿಟ್ಟು ನೋಡುವಷ್ಟರಲ್ಲಿ ನಾಲ್ಕು ಗಂಟೆ. ಈ ಸಲ ಮಾಳವ್ವ ಅಳತೆಯನ್ನೂ ನೋಡಿದಳು, ಕೊಳವೆಯ ಬಾಯಿಗೂ ಹೋಗಿ ಇಣುಕಿದಳು. ತಿರುಗಿ ಪುಟಿಯುವ ಅಲೆ ನೂರಕ್ಕೆ ಒಂದು ಪಾಲೂ ಇರಲಿಲ್ಲ. ಇಂಗಳಗಿ ಅಡುಗೆಯ ಅಲೆಯನ್ನು ಮುಟ್ಟಲಿಲ್ಲ.

"ಊರು ಹಸಿದಿರಲಿ. ಮದ್ಲ ಕಣ್ಣು," ಎಂದು ಸ್ವಿಚ್ ಒತ್ತಿದರು.

ಕೆಂಪು ದೀಪ ಹತ್ತಲಿಲ್ಲ. ಒಂದು ಸೆಕೆಂಡ್, ಮೂರು, ಹತ್ತು. ಪರದೆಯ ಮೇಲೆ ಗೆರೆ ಸುತ್ತು ಹಾಕಿತು. ಗುಡ್ಡದ ಆಚೆ, ಇಪ್ಪತ್ತೆರಡು ಕಿಲೋಮೀಟರ್ ದೂರದಲ್ಲಿ, ಕೆಂಪು ನೇರಳೆ ಬಣ್ಣದ ಒಂದು ದೊಡ್ಡ ಗಡ್ಡೆ ಎದ್ದು ಕೂತಿತ್ತು. ಅದರ ತಲೆ ಹದಿಮೂರು ಕಿಲೋಮೀಟರ್ ಎತ್ತರಕ್ಕೆ ಹೋಗಿತ್ತು. ಅದು ಬಯಲಿನ ಕಡೆಗೇ ಬರುತ್ತಿತ್ತು.

ಇಂಗಳಗಿ ಕೊಂಬಿನ ಗುಂಡಿ ಒತ್ತಿದಾಗ ಗಡಿಯಾರ ನಾಲ್ಕು ಗಂಟೆ ಏಳು ನಿಮಿಷ ತೋರಿಸುತ್ತಿತ್ತು. ಕೊಂಬು ಬಯಲಿನಲ್ಲಿ ಕೂಗಿದ್ದು ಅಲೆಮನೆಗೆ ಕೇಳಿಸುವುದಿಲ್ಲ. ಕಂಬಗಳಿಂದ ತಲುಪಿತು ಎಂಬ ಹಸಿರು ಚುಕ್ಕೆ ಮಾತ್ರ ಬರು‍ತ್ತದೆ. ಚುಕ್ಕೆಗಳು ಒಂದೊಂದಾಗಿ ಬಂದವು. ನಾಲ್ಕೂಮುಕ್ಕಾಲಿಗೆ ಮೋಡ ಗುಡ್ಡ ಹತ್ತಿ ಇಳಿಯಿತು. ಬಯಲಿನ ಮೇಲೆ ಇಪ್ಪತ್ತು ನಿಮಿಷದಲ್ಲಿ ನೂರ ಹನ್ನೊಂದು ಸಿಡಿಲು ಎಂದು ಯಂತ್ರ ಎಣಿಸಿತು. ಮಾಳವ್ವ ಆ ಅಂಕಿ ಏರುವುದನ್ನೇ ನೋಡುತ್ತ ಕೂತಳು. ಬೇರೆ ಮಾಡುವುದಕ್ಕೆ ಏನೂ ಇರಲಿಲ್ಲ.

ಮಳೆ ನಿಂತಮೇಲೆ ಇಂಗಳಗಿ ವರದಿಯ ಹಾಳೆ ಎಳೆದುಕೊಂಡರು. "ಕಾರಣ ಏನ್ ಬರೀಲಿ? ಆ ಕಲಾಯಿಯವರ ಹೆಸರು ಹಾಕಿದ್ರ ಮುಂದ ಅವರಿಗೆ ಕೆಲಸ ಸಿಗಂಗಿಲ್ಲ."

"ನನ್ನ ಹೆಸರು ಹಾಕ್ರಿ ಸರ," ಎಂದಳು ಮಾಳವ್ವ. "ಕೂರಿಸೂಕಿಂತ ಮದ್ಲ ಪರೀಕ್ಷಕಿ ಒಳಗ ನೋಡಲಿಲ್ಲ ಅಂತ ಬರೀರಿ. ಕಲಾಯಿ ಯಾಕ ಹಚ್ಚಬಾರದಂತ ಯಾರಿಗೂ ತಿಳಿಸಿ ಹೇಳಲಿಲ್ಲ ಅಂತಾನೂ ಬರೀರಿ."

ಅವರು ಹಾಗೆಯೇ ಬರೆದರು. ಅವಳ ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ದಾವಲಸಾಬರಿಗೆ ಮುಂದಿನ ತಿಂಗಳು ಇನ್ನೂ ಎರಡು ನೆಗ್ಗಿದ ತುಂಡು ಹೋದವು.

ಹೊತ್ತು ಮುಳುಗುವ ಮುಂಚೆ ಕುರಿಗಳ ಸದ್ದು ಓಣಿಗೆ ಬಂತು. ಲಗಮವ್ವ ಎಷ್ಟೋ ಹೊತ್ತಿನಿಂದ ಬಾಗಿಲಲ್ಲೇ ನಿಂತಿದ್ದಳು. ಅಮೋಗಿ ತೊಯ್ದು ತೊಪ್ಪೆಯಾಗಿದ್ದ. ಆಲಿಕಲ್ಲಿನ ಹೊಡೆತಕ್ಕೆ ಎರಡು ಮರಿ ಸತ್ತಿದ್ದವು, ಅವನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ತಂದಿದ್ದ.

"ಕೊಂಬು ಕೂಗಿದಾಗ ಬನ್ನಿಗಿಡದ ಬುಡಕ್ಕ ಮಲಗಿದ್ದೆ," ಎಂದು ಅವನು ತಲೆ ಒರೆಸಿಕೊಳ್ಳುತ್ತ ಹೇಳಿದ. "ಆಕಾಶ ತಿಳಿಯಾಗಿತ್ತು. ಏಳೂದ ಬ್ಯಾಡ ಅನಸ್ತು. ಎದ್ದೆ. ಆಸರೆಮನಿ ಕಿಟಕಿಯಿಂದ ನೋಡಿದ್ರ ಗಿಡ ಎರಡು ಸೀಳಾಗಿ ಬಿದ್ದಿತ್ತು." ಮತ್ತೆ ಸುಮ್ಮನೆ ಕೇಳಿದ, "ಇವತ್ತ ಯಾಕವ್ವ, ನಿನ್ನ ಕೈತುಂಬ ಹುಣಸಿಹಣ್ಣಿನ ವಾಸ್ನಿ?"

ಲಗಮವ್ವ ಒಳಗೆ ಹೋದಳು. ಒಲೆಯ ಕಟ್ಟೆಯ ಮುಂದೆ ಕೂತು ಅತ್ತಳು. ಮಾಳವ್ವ ಪಕ್ಕದಲ್ಲಿ ಹೋಗಿ ಕೂತಳು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿತ್ತು, ಒಳಗೆ ಮಧ್ಯಾಹ್ನ ಚೆಲ್ಲಿ ಉಳಿದಿದ್ದ ಸಾರು ಕಾಯುತ್ತಿತ್ತು.

ಲಗಮವ್ವ ಮೂಗು ಒರೆಸಿಕೊಂಡು ಕೇಳಿದಳು. "ಈಗರ ಹೇಳು. ಆ ಕೊಳವಿಯೊಳಗ ಏನ್ ಬರತೈತಿ?"

"ಬೆಳಕಿದ್ದಂಗ ಅತ್ತಿ. ಆದ್ರ ಕಣ್ಣಿಗೆ ಕಾಣಂಗಿಲ್ಲ. ಬಿಸಲು ಕಿಟಕಿಯಾಗ ಹಾದು ಬರೂದಿಲ್ಲೇನು, ಕಿಟಕಿ ಕಬ್ಬಿಣದ್ದಿರಲಿ ಕಟಗೀದಿರಲಿ, ಬಿಸಲಿಗೆ ತುಕ್ಕು ಹತ್ತತೈತೇನು? ಹಂಗ ಇದಕ್ಕೂ ಕಿಲುಬು ಹತ್ತಂಗಿಲ್ಲ. ಪೆಟಗಿಗೆ ಬಂದು ಸಾರಿನಾಗಿನ ನೀರನ್ನ ಅಲುಗಾಡಸತೈತಿ. ನೀರು ಅಲುಗಾಡಿ ಅಲುಗಾಡಿ ಬಿಸಿ ಆಗತೈತಿ. ಸಾರಿನೊಳಗ ಹೊರಗಿಂದ ಒಂದು ಕಣಾನೂ ಬಂದು ಬೀಳಂಗಿಲ್ಲ. ಅಷ್ಟ."

ಲಗಮವ್ವ ಪೆಟ್ಟಿಗೆಯ ಕಡೆ ನೋಡಿದಳು, ಗೋಡೆಯ ಕೊಳವೆಯ ಕಡೆ ನೋಡಿದಳು, ಆಮೇಲೆ ಸೊಸೆಯ ಕಡೆ ನೋಡಿದಳು.

"ಇಷ್ಟನಾ?" ಎಂದಳು. "ಇಷ್ಟು ಹೇಳಾಕ ನಿನಗ ಮೂರು ವರ್ಷ ಬೇಕಾತೇನ?"

ಮಾಳವ್ವ ತಲೆ ತಗ್ಗಿಸಿದಳು. ಅಷ್ಟರಲ್ಲಿ ಹಸಿರು ದೀಪ ಆರಿತು. ಸಾರು ಇನ್ನೂ ಬಿಸಿಯಾಗಿರಲಿಲ್ಲ, ಹೊರಗೆ ಅಮೋಗಿ ಹಸಿದು ಕೂತಿದ್ದ. ಲಗಮವ್ವ ಎದ್ದು ಪೆಟ್ಟಿಗೆಯ ಬಾಗಿಲು ತೆಗೆದು ಸೌಟಿನಿಂದ ಸಾರು ತಿರುವಿದಳು.

"ನೋಡ್ಲಿ," ಎಂದಳು. "ಸಾವಕಾಶ ನೋಡ್ಲಿ."